ಪ್ಯಾರಿಸಿನ ಗುಡ್ಡದಲ್ಲಿ ಕಾಕಾನ ಅಂಗೈ

ಚಿತ್ರಕಲೆಯ ಮಾಸ್ತರನೊಬ್ಬ ಗೋಕಾಕದಿಂದ ಪ್ಯಾರಿಸಿಗೆ ಹೋಗಿ ಬಂದನೆಂದರೆ ಅವನು ಅಲ್ಲಿಯ ದೊಡ್ಡ ದೊಡ್ಡ ಚಿತ್ರಗಳ ಬಗ್ಗೆ ಬರೆಯಬೇಕು. ನಾನು ಬರೆಯುತ್ತಿರುವುದು ಒಂದು ಗಟಾರದ ಬಗ್ಗೆ. ಆ ಊರಿನಲ್ಲಿ ನಾನು ಕಣ್ಣಿಟ್ಟು ನೋಡಿದ ಜಾಗ ಅದೊಂದೇ. ಉಳಿದದ್ದನ್ನು ನೋಡಿದೆನೋ, ನೋಡಿದವನಂತೆ ಮುಖ ಮಾಡಿಕೊಂಡು ನಿಂತಿದ್ದೆನೋ, ಈಗ ಆಣೆ ಮಾಡಿ ಹೇಳಲಾರೆ. ಗಟಾರದ ವಿಷಯವನ್ನು ಮಾತ್ರ ಕಂಡದ್ದನ್ನು ಕಂಡ ಹಾಗೆ ಹೇಳಬಲ್ಲೆ.

ನಾನು ಹೋದದ್ದು ಸ್ವಂತ ಯೋಗ್ಯತೆಯಿಂದಲ್ಲ. ನನ್ನ ತಂದೆಯ ತಮ್ಮ ಮಲ್ಲಪ್ಪ ಕಾಕಾ ಗೋಕಾಕದಲ್ಲಿ ಅರಳೆ ವ್ಯಾಪಾರಿ. ಅರಳೆ ಕೊಳ್ಳುವ ವಿಲಾಯತಿಯ ದಲಾಲರನ್ನು ಒಮ್ಮೆ ಎದುರಿಗೆ ಕೂತು ನೋಡಬೇಕೆಂಬ ಹಟ ಅವರಿಗೆ ಅರವತ್ತು ದಾಟಿದ ಮೇಲೆ ಹುಟ್ಟಿತು. ಜೊತೆಗೆ ಇಂಗ್ಲಿಷ್ ಬಲ್ಲವನೊಬ್ಬ ಬೇಕಿತ್ತು. ಮನೆಯಲ್ಲಿ ನಾನಿದ್ದೆ. ಅದು ಈಚಿನ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಕೆಲಸ ಮುಗಿಸಿ ಮರಳುವಾಗ, ಮಾರ್ಸೇಲ್ಸಿನಲ್ಲಿ ಹಡಗು ಹತ್ತುವ ಮೊದಲು, ನಾನು ಕಾಡಿ ಬೇಡಿ ಕಾಕಾನನ್ನು ಪ್ಯಾರಿಸಿನಲ್ಲಿ ಇಳಿಸಿದೆ.

ನದಿಯ ದಂಡೆ

ಆ ಊರಿನ ನದಿಯ ದಂಡೆಗುಂಟ, ಕಲ್ಲಿನ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹಳೆಯ ಪುಸ್ತಕ ಮಾರುತ್ತಾರೆ. ಅಲ್ಲಿ ನನಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಮಡಿಚಿದ ಹಾಳೆ ಸಿಕ್ಕಿತು. ಮೋಮಾರ್ತ್ರ ಎಂಬ ಗುಡ್ಡದ ಓಣಿಗಳನ್ನು, ದಾರಿ ತೋರಿಸುವವರ ಹಂಗಿಲ್ಲದೆ ತಾವೇ ನಡೆದು ನೋಡುವುದು ಹೇಗೆಂದು ನಕಾಶೆ ಸಹಿತ ಅದರಲ್ಲಿ ಬರೆದಿತ್ತು. ಬಡ ಚಿತ್ರಕಾರರು, ಕವಿಗಳು, ಪಿಟೀಲು ಬಾರಿಸುವವರು ಅಲ್ಲಿ ಇರುತ್ತಾರಂತೆ. ನಾಳೆಯ ಚಿಂತೆ ಮಾಡುವುದಿಲ್ಲವಂತೆ. ಚಳಿ ಹೆಚ್ಚಾದರೆ ಕೂತ ಕುರ್ಚಿಯನ್ನೇ ಮುರಿದು ಒಲೆಗೆ ಹಾಕುತ್ತಾರಂತೆ. ಕಾಕಾನಿಗೆ ಎಲ್ಲವನ್ನೂ ಓದಿ ಹೇಳಿದೆ.

“ನಾಟಕ ಕಂಪನಿ ಮಂದಿ ಇದ್ದಂಗ ಅನ್ನು,” ಅಂದರು ಕಾಕಾ. “ನಮ್ಮ ಊರ ಹೊರಗ ಬಂದು ಡೇರೆ ಹಾಕ್ತಾರಲ್ಲ, ಹಂಗ. ಅವರನ್ನ ನೋಡಾಕ ಸಮುದ್ರ ದಾಟಿ ಬರಬೇಕಿತ್ತೇನೊ ಮಾಸ್ತರ?”

ಅವರು ನನ್ನನ್ನು ಈರಪ್ಪ ಎಂದು ಕರೆಯುವುದು ರೂಢಿ. ಮಾಸ್ತರ ಎಂದರೆ ಚೇಷ್ಟೆ ಶುರುವಾಯಿತೆಂದು ನಾನು ತಿಳಿದುಕೊಳ್ಳಬೇಕು.

“ಕಾಕಾ, ಅವರು ಭಾಳ ದೊಡ್ಡ ಕಲಾವಿದರ್ರಿ.”

“ದೊಡ್ಡವರಿದ್ರ ಕುರ್ಚಿ ಯಾಕ ಸುಡ್ತಿದ್ರು?”

ನಾನು ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿದೆ. ವಸತಿಗೃಹದವರು ದಾರಿ ತೋರಿಸುವ ಒಬ್ಬನನ್ನು ಕರೆಸಿಕೊಡುತ್ತೇವೆಂದರು. ನಕಾಶೆ ಬರೆಯುವುದನ್ನು ಹುಡುಗರಿಗೆ ಕಲಿಸುವವನಿಗೆ ನಕಾಶೆ ಓದಿಕೊಡಲು ಇನ್ನೊಬ್ಬನೇ ಎಂದು ನಾನು ಎದೆ ಉಬ್ಬಿಸಿದೆ. ಅಲ್ಲಿಂದ ಮುಂದೆ ಆದದ್ದಕ್ಕೆಲ್ಲ ಆ ಉಬ್ಬಿದ ಎದೆಯೇ ಮೂಲ.

ಕಾಕಾನ ಊಟದ ಕಟ್ಟುಪಾಡನ್ನು ಇಲ್ಲಿ ಹೇಳಿಬಿಡಬೇಕು. ಅವರು ಬೆಳಿಗ್ಗೆ ಸ್ನಾನ ಮಾಡಿ, ಕೊರಳಿನ ಬೆಳ್ಳಿಯ ಗುಂಡಗಡಗಿಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟು ಪೂಜೆ ಮಾಡುವವರೆಗೆ ಹನಿ ನೀರನ್ನೂ ಮುಟ್ಟುವವರಲ್ಲ. ಇದು ನಮ್ಮ ಮನೆಗಳ ಪದ್ಧತಿ. ಇದರ ಮೇಲೆ ಅವರದೇ ಒಂದು ಹಟವಿತ್ತು: ಪರದೇಶದವರ ಕೈಯಿಂದ ಏನನ್ನೂ ತಿನ್ನಬಾರದು, ಕುಡಿಯಬಾರದು. ಇದನ್ನು ಯಾವ ಶರಣರೂ ಹೇಳಿಲ್ಲವೆಂದು ನಾನು ವಾದಿಸಿ ಸೋತಿದ್ದೆ. ಟ್ರಂಕಿನ ತುಂಬ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಗೋಕಾಕದ ಕರದಂಟು ಹೇರಿಕೊಂಡು ಬಂದಿದ್ದರು. ನೀರಿಗೆ ತಮ್ಮದೇ ತಂಬಿಗೆ.

ಪ್ಯಾರಿಸಿನಲ್ಲಿ ಇಳಿದ ದಿನವೇ ಆ ಹಟಕ್ಕೆ ಇನ್ನಷ್ಟು ಬಲ ಬಂತು. ಅಲ್ಲಿಯವರು ಅಂಗಡಿಯಿಂದ ಮೊಳದುದ್ದದ ರೊಟ್ಟಿ ಕೊಂಡು, ಕಾಗದವನ್ನೂ ಸುತ್ತದೆ, ಕಂಕುಳಲ್ಲಿ ಅವುಚಿಕೊಂಡು ಮನೆಗೆ ಹೋಗುತ್ತಾರೆ. ಹೆಂಗಸರು, ಗಂಡಸರು, ಪಾದ್ರಿಗಳು ಎಲ್ಲರೂ. ಕಾಕಾ ನಡುರಸ್ತೆಯಲ್ಲಿ ನಿಂತುಬಿಟ್ಟರು.

“ಈರಪ್ಪಾ, ಅದು ತಿನ್ನೂದೇನೊ?”

“ಹೌದ್ರಿ ಕಾಕಾ.”

“ಕಂಕಳಾಗ ಇಟ್ಕೊಂಡು ತಿನ್ನೂದೇನೊ?”

“ಇಟ್ಕೊಂಡಲ್ರಿ. ಮನಿಗೆ ಹೋಗಿ ತಗದು ತಿಂತಾರ.”

“ಶಿವ ಶಿವಾ,” ಅಂದರು. ಆಮೇಲೆ ಕಂಕುಳಲ್ಲಿ ರೊಟ್ಟಿ ಇದ್ದವರು ಎದುರಾದರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು.

ಗಿರಣಿ

ಮರುದಿನ ಬೆಳಿಗ್ಗೆ ಕಾಕಾನನ್ನು ಆತುರಪಡಿಸಿದವನು ನಾನೇ. ಬೆಳಗಿನ ಬೆಳಕಿನಲ್ಲಿ ಚಿತ್ರಕಾರರು ಓಣಿಯಲ್ಲೇ ಕೂತು ಬರೆಯುತ್ತಾರೆಂದು ಹಾಳೆಯಲ್ಲಿತ್ತು. ಸ್ನಾನವಾಗಿತ್ತು, ಪೂಜೆಯಾಗಿರಲಿಲ್ಲ. “ಹೊಲಕ್ಕ ಹೋದಾಗ ಗಿಡದ ಬುಡಕ್ಕ ಮಾಡ್ಕೊಂತೀನಿ. ಇಲ್ಲೂ ಎಲ್ಲೆರ ಕುಂತು ಮಾಡ್ಕೊಂಡರಾತು, ನಡಿ,” ಎಂದು ಅವರೇ ನನ್ನ ಮನಸ್ಸು ರಾಜಿ ಮಾಡಿ ಹೊರಟರು. ತಲೆಗೆ ರುಮಾಲು, ಮೈಮೇಲೆ ಉದ್ದ ಕೋಟು, ಅದರ ಮೇಲೆ ಶಾಲು, ಕೆಳಗೆ ಧೋತರ. ಚೀಲದಲ್ಲಿ ತಂಬಿಗೆ, ವಿಭೂತಿ, ಕರದಂಟಿನ ಡಬ್ಬಿ.

ಗುಡ್ಡದ ಮೇಲೆ ಗಾಳಿಗೆ ತಿರುಗುವ ಹಳೆಯ ಬೀಸುವ ಗಿರಣಿ ಇದೆಯೆಂದು ಹಾಳೆ ಹೇಳಿತ್ತು. ಅದು ಇತ್ತು. ಆದರೆ ರೆಕ್ಕೆ ತಿರುಗುತ್ತಿರಲಿಲ್ಲ. ಕೆಳಗೆ ಕುಡಿದು ಕುಣಿಯುವ ಮನೆ ಮಾಡಿದ್ದರು. ಬಾಗಿಲಲ್ಲಿ ಒಬ್ಬ ಗೂಟದಂಥ ಕಸಬರಿಗೆ ಹಿಡಿದು ರಾತ್ರಿಯ ಬಣ್ಣದ ಕಾಗದದ ಚೂರುಗಳನ್ನು ಗುಡಿಸುತ್ತಿದ್ದ.

“ಹಿಟ್ಟ ಎಲ್ಲಿ?” ಅಂದರು ಕಾಕಾ.

ಕುರ್ಚಿ ಸುಡುತ್ತಿದ್ದ ಚಿತ್ರಕಾರರ ಮನೆಯನ್ನು ಹುಡುಕಿದೆ. ಆ ಸ್ಥಳದಲ್ಲಿ ಛತ್ರಿ ಮಾರುವ ಅಂಗಡಿಯಿತ್ತು. ಅಂಗಡಿಯವನಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಹಾಳೆಯನ್ನು ತಿರುಗಿಸಿ ನೋಡಿದ, ಹಲ್ಲು ಬಿಟ್ಟ. ಅದು ಮೊದಲನೆಯ ಯುದ್ಧಕ್ಕೂ ಮುಂಚೆ ಅಚ್ಚಾದದ್ದು. ಚಿತ್ರಕಾರರು ಬಾಡಿಗೆ ಏರಿತೆಂದು ಯಾವಾಗಲೋ ಹೊಳೆಯಾಚೆಗೆ ಹೋದರು. ಈಗ ಇಲ್ಲಿ ಉಳಿದವರು ನಿಮ್ಮಂಥ ಪ್ರವಾಸಿಗಳ ಮುಖ ಬರೆದು ಹೊಟ್ಟೆ ಹೊರೆಯುವವರು, ನಾಲ್ಕಾರು ಮಂದಿ. ಇಷ್ಟು ಹೇಳಿ, ಛತ್ರಿ ಬೇಕೇ ಎಂದ.

“ಅಂದ್ರ ನಾವು ಖಾಲಿ ಮನಿ ನೋಡಾಕ ಬಂದೇವಿ,” ಅಂದರು ಕಾಕಾ. ಅವರಿಗೆ ಬೇಸರವಾದಂತಿರಲಿಲ್ಲ. ಖುಷಿಯಾದಂತೆಯೇ ಇತ್ತು.

ಆಮೇಲೆ ದಾರಿ ತಪ್ಪಿತು. ನಕಾಶೆಯಲ್ಲಿ ಉತ್ತರ ದಿಕ್ಕನ್ನು ನಾನು ಯಾವುದೆಂದು ತಿಳಿದಿದ್ದೆನೋ ಅದು ಉತ್ತರವಾಗಿರಲಿಲ್ಲ. ನಾಲ್ಕು ಕಬ್ಬಿಣದ ಹೆಂಗಸರು ತಲೆಯ ಮೇಲೆ ಗುಮ್ಮಟ ಹೊತ್ತು ನಿಂತಿರುವ, ದಾರಿಹೋಕರಿಗೆ ನೀರು ಕೊಡುವ ನಲ್ಲಿಯೊಂದರ ಹತ್ತಿರ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದೆವು. ಕಾಕಾ ಅವರಿಗೆ ಕೈಮುಗಿದರು.

“ಯವ್ವಾ, ನಾವ ರೀ ಮತ್ತ. ನಮ್ಮ ಮಾಸ್ತರ ಕರಕೊಂಡ ಬಂದಾನ.”

ಬಿಸಿಲು ನೆತ್ತಿಗೆ ಬರುತ್ತಿತ್ತು. ಕಾಕಾ ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಹಿಂದಿನ ದಿನದ ಊಟವಾದ ಮೇಲೆ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ನಲ್ಲಿಯಲ್ಲೇ ತಂಬಿಗೆ ತುಂಬಿಕೊಂಡು, “ಇನ್ನ ಸಾಕು. ಇಲ್ಲೇ ಕುಂದರತೀನಿ,” ಅಂದರು.

ಮೆಟ್ಟಿಲು

ಆ ಗುಡ್ಡದ ಕಡಿದಾದ ಕಡೆ ರಸ್ತೆಯ ಬದಲು ಉದ್ದನೆಯ ಕಲ್ಲಿನ ಮೆಟ್ಟಿಲುಗಳಿವೆ. ನಡುವೆ ಕಬ್ಬಿಣದ ಕಂಬಿ, ಎರಡೂ ಬದಿಗೆ ಮನೆಗಳ ಬಾಗಿಲು. ಮೇಲಿನ ಮೆಟ್ಟಿಲೊಂದರ ಅಂಚಿಗೆ ಕಾಕಾ ಶಾಲು ಹಾಸಿ ಕೂತರು. ಬಲಕ್ಕೆ ತಂಬಿಗೆ. ಹಣೆಗೆ ವಿಭೂತಿ ಧರಿಸಿದರು. ಲಿಂಗವನ್ನು ತೆಗೆದು ಎಡ ಅಂಗೈ ಮೇಲಿಟ್ಟು, ಕೈಯನ್ನು ಕಣ್ಣಿನ ನೇರಕ್ಕೆ ಚಾಚಿ, ಅದರಲ್ಲೇ ದೃಷ್ಟಿ ನೆಟ್ಟರು. ನಾನು ಎರಡು ಮೆಟ್ಟಿಲು ಕೆಳಗೆ ಕೂತು ಹಾಳೆಯಲ್ಲಿ ಉತ್ತರವನ್ನು ಹುಡುಕುತ್ತಿದ್ದೆ.

ಒಬ್ಬ ಮುದುಕಿ ಕೆಳಗಿನಿಂದ ಹತ್ತಿ ಬಂದಳು. ಕಪ್ಪು ಉಡುಪು, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕಂಕುಳಲ್ಲಿ ರೊಟ್ಟಿ. ಕಾಕಾ ಸದ್ಯ ನೋಡಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಅವಳು ಕಾಕಾನ ಮುಂದೆ ನಿಂತಳು. ರುಮಾಲನ್ನು ನೋಡಿದಳು, ಚಾಚಿದ ಕೈಯನ್ನು ನೋಡಿದಳು. ಅವಳ ಮುಖದಲ್ಲಿ ಮರುಕ ಮೂಡಿತು. ಆ ಓಣಿಗಳಲ್ಲಿ ಮೆಟ್ಟಿಲ ಮೇಲೆ ಕೂತು ಅಂಗೈ ಚಾಚಿದವನಿಗೆ ಇರುವುದು ಒಂದೇ ಅರ್ಥ. ಬಾಳು ಕೆಟ್ಟ ಹಾಡುಗಾರರೂ ಬಣ್ಣದವರೂ ಹಾಗೆಯೇ ಕೂತಿರುತ್ತಾರೆ. ಅವಳೇನು ಮಾಡುತ್ತಾಳೆಂದು ನನಗೆ ಹೊಳೆಯುವಷ್ಟರಲ್ಲಿ ಅವಳು ಚೀಲದಿಂದ ಒಂದು ನಾಣ್ಯ ತೆಗೆದು ಕಾಕಾನ ಅಂಗೈಗೆ ಹಾಕಿದಳು.

ಕಾಕಾ ಬೆಚ್ಚಿದರು. ನಾಣ್ಯ ಹಾರಿತು. ಲಿಂಗ ಹಾರಿತು. ತಡೆಯಲು ಚಾಚಿದ ಕೈಗೆ ತಂಬಿಗೆ ತಾಗಿ ಅದೂ ಉರುಳಿತು. ತಂಬಿಗೆ ದಣದಣ ಎಂದು ದೊಡ್ಡ ಸದ್ದು ಮಾಡುತ್ತ ಇಳಿಯಿತು. ಮೂರ್ಖನಾದ ನಾನು ಸದ್ದಿನ ಹಿಂದೆ ಓಡಿ ತಂಬಿಗೆಯನ್ನು ಹಿಡಿದೆ. ಹಿಡಿದು ಗೆದ್ದವನಂತೆ ಎತ್ತಿ ತೋರಿಸಿದೆ. ಆಗ ಕಾಕಾನ ಮುಖ ಕಂಡಿತು. ಮಾವಿನ ವಾಟೆಯಷ್ಟೂ ಇಲ್ಲದ ಆ ಕಪ್ಪು ಲಿಂಗ ಮೆಟ್ಟಿಲಿಂದ ಮೆಟ್ಟಿಲಿಗೆ ಸಣ್ಣಗೆ ಟಕ್ ಎನ್ನುತ್ತ ನನ್ನ ಕಾಲ ಪಕ್ಕದಲ್ಲೇ ಇಳಿದು ಹೋಗಿತ್ತು. ಆ ಟಕ್ ನನಗೆ ಈಗಲೂ ಒಮ್ಮೊಮ್ಮೆ ಕೇಳುತ್ತದೆ, ತರಗತಿಯಲ್ಲಿ ಯಾರಾದರೂ ಸೀಮೆಸುಣ್ಣ ಬೀಳಿಸಿದಾಗ.

ತೊಟ್ಟಿಲಲ್ಲಿ ಕಟ್ಟಿದ ಲಿಂಗ. ಸಾಯುವ ತನಕ ಮೈಮೇಲಿರಬೇಕಾದದ್ದು. ಅದು ಹೋದರೆ ಬದುಕಿಯೂ ಫಲವಿಲ್ಲವೆಂದು ನಂಬಿದ ತಲೆಮಾರಿನವರು ಕಾಕಾ. ಅವರು ಖಾಲಿ ಅಂಗೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದರು.

“ಈರಪ್ಪಾ, ಅದು ಸಿಗೂ ತನಕ ನನಗ ನೀರ ಸುದ್ದಾ ಬ್ಯಾಡ. ಸಿಗಲಿಲ್ಲಂದ್ರ ನೀ ಒಬ್ಬನ ಹಡಗ ಹತ್ತು.”

“ಕಾಕಾ, ಹಂಗ ಅನಬ್ಯಾಡ್ರಿ.”

“ಹುಡಕು ಹೋಗು.”

ನನ್ನ ಚಿತ್ರ

ಮೆಟ್ಟಿಲುಗಳ ಮೇಲೆ ಬಗ್ಗಿ ಬಗ್ಗಿ ಹುಡುಕಿದೆ. ಮುದುಕಿ ನನ್ನ ಹಿಂದೆಯೇ ಬಂದಳು, ಏನೋ ಕೇಳುತ್ತಿದ್ದಳು. ಫ್ರೆಂಚಿನಲ್ಲಿ ನನಗೆ ಬರುತ್ತಿದ್ದುದು ನಮಸ್ಕಾರ ಮತ್ತು ಉಪಕಾರವಾಯಿತು, ಎರಡೇ. ಎರಡೂ ಈ ಹೊತ್ತಿಗೆ ಸಲ್ಲುವಂತಿರಲಿಲ್ಲ. ಒಂದು ಬಾಗಿಲಿನಿಂದ ಇಸ್ತ್ರಿ ಮಾಡುವ ಹೆಂಗಸು ಬಂದಳು. ಕೆಳಗಿನ ಚಹಾದಂಗಡಿಯ ಆಳು ಬಂದ. ಮೊಣಕೈಗೆ ಬಣ್ಣ ಮೆತ್ತಿಕೊಂಡ ಒಬ್ಬ ಚಿತ್ರಕಾರನೂ ಬಂದ. ಇಡೀ ಬೆಳಗು ನಾನು ಹುಡುಕಿ ಸಿಗದಿದ್ದ ಚಿತ್ರಕಾರ ಈಗ ತಾನಾಗಿ ಬಂದು ನಿಂತಿದ್ದ. ಏನು ಕಳೆದಿದೆ ಎಂದು ಎಲ್ಲರೂ ಕೈಸನ್ನೆ ಮಾಡಿದರು.

ಆಗ ನನಗೆ ಹೊಳೆಯಿತು: ನಾನು ಚಿತ್ರಕಲೆಯ ಮಾಸ್ತರ. ಬರೆದು ತೋರಿಸಿದರಾಯಿತು!

ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಬರೆದೆ. ಕಷ್ಟದಲ್ಲಿ ಬರೆದರೂ ಚೆನ್ನಾಗಿ ಬಂತು. ಅಗಲವಾದ ಬುಡ, ಮೇಲೆ ನುಣುಪಾದ ದುಂಡು, ಎಡಗಡೆಯಿಂದ ಬೆಳಕು, ಬಲಕ್ಕೆ ನೆರಳು. ನೆರಳನ್ನು ಬೆರಳಿನಿಂದ ತೀಡಿ ಮೆತ್ತಗೂ ಮಾಡಿದೆ. ಅಷ್ಟಕ್ಕೆ ಸಮಯ ಕೊಟ್ಟೆನೆಂದು ನೆನೆದರೆ ಈಗ ಮೈ ಉರಿಯುತ್ತದೆ. ಹಿಡಿದು ತೋರಿಸಿದೆ. ಎಲ್ಲರೂ ತಲೆ ಆಡಿಸಿ ಚದುರಿದರು.

ಮೊದಲು ಇಸ್ತ್ರಿಯವಳು ಬಂದಳು. ಬಾಗಿಲಿನ ದುಂಡನೆಯ ಹಿತ್ತಾಳೆ ಹಿಡಿಕೆಯೊಂದನ್ನು ತಂದಿದ್ದಳು. ಚಹಾದಂಗಡಿಯವನು ಅತ್ತರಿನ ಸೀಸೆಯ ಗಾಜಿನ ಬಿರಡೆ ತಂದ. ಇನ್ಯಾರೋ ಚದುರಂಗದ ಕಾಲಾಳು ತಂದರು. ನಾನು ಒಂದೊಂದಕ್ಕೂ ಅಲ್ಲ ಅಲ್ಲ ಎನ್ನುತ್ತಿದ್ದೆ. ಅವರು ಹಾಳೆಯನ್ನೂ ವಸ್ತುವನ್ನೂ ಮತ್ತೆ ಹೋಲಿಸಿ ನೋಡಿ, ಇದೇ ಅಲ್ಲವೇ ಎಂದು ನನ್ನ ಮೇಲೆಯೇ ಮುನಿಯುತ್ತಿದ್ದರು. ಹೋಲಿಕೆ ನಿಜವಾಗಿಯೂ ಇತ್ತು.

ಕೊನೆಗೆ ಚಿತ್ರಕಾರ ಹಾಳೆಯನ್ನು ತನ್ನ ಕೈಗೆ ತೆಗೆದುಕೊಂಡ. ದೂರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖ ಬೆಳಗಿತು. ನನ್ನ ಹೆಗಲು ಹಿಡಿದು ತಿರುಗಿಸಿ ಮೇಲೆ ಬೆರಳು ತೋರಿಸಿದ. ಗುಡ್ಡದ ತುದಿಯಲ್ಲಿ ಬೆಳ್ಳನೆಯ ದೊಡ್ಡ ಇಗರ್ಜಿಯ ಗುಮ್ಮಟ ಬಿಸಿಲಿಗೆ ಹೊಳೆಯುತ್ತಿತ್ತು. ಪಾಪ, ಇಷ್ಟು ದೊಡ್ಡದು ಕಣ್ಣೆದುರಿಗೇ ಇರುವಾಗ ಬಗ್ಗಿ ಹುಡುಕುತ್ತೀಯಲ್ಲ ಎಂಬ ಕನಿಕರ ಅವನ ಕಣ್ಣಿನಲ್ಲಿತ್ತು.

ನಾನು ಅಳತೆ ತೋರಿಸಿರಲಿಲ್ಲ. ಗೋಕಾಕದಲ್ಲಿ ಹುಡುಗರಿಗೆ ಮೊದಲ ದಿನ ಹೇಳುವ ಪಾಠವದು: ವಸ್ತುವಿನ ಪಕ್ಕಕ್ಕೆ ಗೊತ್ತಿರುವ ಇನ್ನೊಂದು ವಸ್ತು ಬರೆಯಿರಿ, ಇಲ್ಲದಿದ್ದರೆ ಹುಣಸೆಬೀಜ ಯಾವುದು, ಹೆಬ್ಬಂಡೆ ಯಾವುದು ತಿಳಿಯುವುದಿಲ್ಲ. ಅದನ್ನು ಮರೆತವನಿಗೆ ಛಡಿ ಏಟು ಕೊಡುವವನೂ ನಾನೇ.

ಗಟಾರ

ಕಾಕಾ ಕಂಬಿ ಹಿಡಿದು ನಿಧಾನ ಇಳಿದು ಬರುತ್ತಿದ್ದರು. ಮುಖ ಬಿಳಿಚಿತ್ತು. ಮುದುಕಿ ಹೋಗಿ ಅವರ ತೋಳು ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ, ಅಷ್ಟು ಬಳಲಿದ್ದರು.

“ಏನ ಮಾಡಾಕತ್ತೀಯೊ?”

“ಚಿತ್ರಾ ತಗದು ತೋರ್ಸಾಕತ್ತೇನ್ರಿ.”

ಅವರು ಚಿತ್ರವನ್ನು ನೋಡಿದರು, ಬಿರಡೆಯನ್ನು ನೋಡಿದರು, ಚದುರಂಗದ ಕಾಲಾಳನ್ನು ನೋಡಿದರು. ಆಮೇಲೆ ಕೆಳಗಿನ ರಸ್ತೆಯ ಅಂಚನ್ನು ನೋಡುತ್ತ ನಿಂತರು. ಅಲ್ಲಿ, ಮೆಟ್ಟಿಲು ಮುಗಿಯುವಲ್ಲಿ, ಗಟಾರದಲ್ಲಿ ನೀರು ಹರಿಯುತ್ತಿತ್ತು.

ಆ ಊರಿನಲ್ಲಿ ಹೀಗೊಂದು ಪದ್ಧತಿ. ರಸ್ತೆ ಗುಡಿಸುವವನು ಹೊತ್ತಿಗೊಮ್ಮೆ ಅಂಚಿನ ತೂಬನ್ನು ಬಿಚ್ಚುತ್ತಾನೆ. ನೀರು ಜೋರಾಗಿ ಬಂದು ಗಟಾರದ ಕಸವನ್ನು ಹೊಡೆದುಕೊಂಡು ಹೋಗುತ್ತದೆ. ನೀರು ಎತ್ತ ಹೋಗಬೇಕೋ ಅತ್ತ ತಿರುಗಲಿ ಎಂದು ಹಳೆಯ ಗೋಣಿಯನ್ನೋ ಜಮಖಾನೆಯನ್ನೋ ಸುರುಳಿ ಸುತ್ತಿ ಹಗ್ಗ ಬಿಗಿದು ಅಡ್ಡ ಇಟ್ಟಿರುತ್ತಾನೆ. ನಾನು ಎರಡು ದಿನದಿಂದ ಆ ಸುರುಳಿಗಳನ್ನು ದಾಟಿಕೊಂಡೇ ತಿರುಗಿದ್ದೆ. ಯಾರೋ ಹಾಸಿಗೆ ಬಿಸಾಕಿದ್ದಾರೆಂದು ತಿಳಿದಿದ್ದೆ.

“ನೀರ ತಿರಿವ್ಯಾರೊ ಈರಪ್ಪಾ,” ಅಂದರು ಕಾಕಾ. ಗೋಕಾಕದ ಬಳಿಯ ತುಕ್ಕಾನಟ್ಟಿಯ ಹೊಲದಲ್ಲಿ ಕಬ್ಬಿನ ಸಾಲಿಗೆ ನೀರು ತಿರುವುತ್ತ ಬೆಳೆದವರು ನಾವಿಬ್ಬರೂ. ಹರಿವ ನೀರಿಗೆ ಮಣ್ಣಿನ ಹೆಂಟೆ ಅಡ್ಡ ಇಟ್ಟರೆ ಅದರ ಬುಡಕ್ಕೆ ಏನೇನು ಬಂದು ನಿಲ್ಲುತ್ತದೆಂದು ನನಗೂ ಗೊತ್ತಿತ್ತು. ಗೊತ್ತಿದ್ದುದೆಲ್ಲ ನನ್ನ ಪೆನ್ಸಿಲು ಹೊರಬಂದಾಗ ಒಳಗೆ ಹೋಗಿತ್ತು.

ಓಡಿದೆವು ಎಂದರೆ ಸುಳ್ಳು. ನಾನು ಓಡಿದೆ, ಕಾಕಾ ಮುದುಕಿಯ ತೋಳು ಹಿಡಿದು ಬಂದರು. ಸುರುಳಿಯನ್ನು ಎತ್ತಲು ಹೋದೆ. ಗುಡಿಸುವವನು ದೂರದಿಂದ ಕಸಬರಿಗೆ ಎತ್ತಿ ಕೂಗುತ್ತ ಬಂದ. ಎತ್ತಿದರೆ ನೀರು ಅಡ್ಡದಾರಿ ಹಿಡಿದು ಎಲ್ಲವೂ ಮೋರಿಯ ಬಾಯಿಗೆ ಹೋಗುತ್ತಿತ್ತು. ಅದನ್ನೂ ನಾನು ಯೋಚಿಸಿರಲಿಲ್ಲ.

“ಎತ್ತಬ್ಯಾಡೊ ಹುಚ್ಚಪ್ಯಾಲಿ!” ಎಂದು ಕಾಕಾ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಗಟಾರಕ್ಕೆ ಇಳಿದು ನೀರಿಗೆ ಅಡ್ಡವಾಗಿ ಅಂಗಾಲು ಇಟ್ಟರು. ನೀರು ಅವರ ಕಾಲಿನ ಹಿಂದೆ ತುಂಬಿ ನಿಂತಿತು. ಗುಡಿಸುವವನು ಅದನ್ನು ನೋಡಿ ಕಸಬರಿಗೆ ಇಳಿಸಿದ. ಹೋಗಿ ತೂಬನ್ನೇ ಮುಚ್ಚಿ ಬಂದ. ಕಾಕಾ ಬಗ್ಗಿ ಸುರುಳಿಯ ಬುಡಕ್ಕೆ ಕೈ ಹಾಕಿದರು. ಒದ್ದೆ ಎಲೆ ಬಂತು. ಸೀಸೆಯ ಬೆಂಡಿನ ಬಿರಡೆ ಬಂತು. ಮತ್ತೆ ಕೈ ಹಾಕಿದರು. ಈ ಸಲ ಕೈ ಹೊರಗೆ ಬರಲು ತಡವಾಯಿತು. ಬಂದಾಗ ಮುಷ್ಟಿ ಮುಚ್ಚಿತ್ತು. ಅವರು ಅದನ್ನು ತೆರೆಯಲಿಲ್ಲ, ಹಣೆಗೆ ಒತ್ತಿಕೊಂಡರು. ಆಗ ನನಗೆ ತಿಳಿಯಿತು.

ಲಿಂಗದ ಮೇಲಿನ ಕಪ್ಪು ಲೇಪ, ಕಂತಿ, ಒಂದು ಕಡೆ ಉಗುರಿನಷ್ಟು ತರಚಿತ್ತು. ಬೇರೇನೂ ಆಗಿರಲಿಲ್ಲ. “ಊರಿಗೆ ಹೋಗಿ ಸ್ವಾಮ್ಯಾರಿಗೆ ತೋರ್ಸೂಣು,” ಅಂದರು. ಆ ನಾಣ್ಯ ಏನಾಯಿತೋ, ಯಾರೂ ಹುಡುಕಲಿಲ್ಲ.

ಪೂಜೆಗೆ ನೀರು ಬೇಕಿತ್ತು. ಕಬ್ಬಿಣದ ಹೆಂಗಸರ ನಲ್ಲಿ ಮೇಲೆಲ್ಲೋ ಇತ್ತು, ಹೋಗಿ ಮರಳಿ ಬರುತ್ತೇನೆಂಬ ಧೈರ್ಯ ನನಗಿರಲಿಲ್ಲ. ಮುದುಕಿ ಒಂದು ಬಾಗಿಲಿನೊಳಗೆ ಹೋಗಿ ಹೂವಿನ ಚಿತ್ರವಿದ್ದ ಪಿಂಗಾಣಿ ಹೂಜಿಯಲ್ಲಿ ನೀರು ತಂದಳು. ನಾನು ಕಾಕಾನ ಮುಖ ನೋಡಿದೆ. ಅವರು ಎರಡೂ ಕೈ ಚಾಚಿದರು.

“ಹಾಕವ್ವಾ.”

ಅವಳು ಹಾಕಿದಳು. ಆ ಮನೆಯ ಹೊಸ್ತಿಲಲ್ಲೇ ಕೂತು ಕಾಕಾ ಮತ್ತೆ ಅಂಗೈ ಚಾಚಿ ದೃಷ್ಟಿ ನೆಟ್ಟರು. ಮುದುಕಿ ಅವರ ಬೆನ್ನ ಹಿಂದೆ ನಿಂತಳು. ಓಣಿಯಲ್ಲಿ ಯಾರಾದರೂ ಹೋಗುವವರು ನಡಿಗೆ ನಿಧಾನ ಮಾಡಿ ಜೇಬಿಗೆ ಕೈ ಹಾಕಿದರೆ ಸಾಕು, ಛತ್ರಿಯನ್ನು ಕೋಲಿನ ಹಾಗೆ ಎತ್ತುತ್ತಿದ್ದಳು. ಒಬ್ಬ ದಪ್ಪನೆಯ ಗೃಹಸ್ಥ ಬೆದರಿ ರಸ್ತೆಯ ಆ ಬದಿಗೆ ದಾಟಿಯೇ ಹೋದ.

ಪೂಜೆ ಮುಗಿಯಿತು. ಗುಂಡಗಡಗಿಯ ಮುಚ್ಚಳ ಬಿತ್ತು. ಕಾಕಾ ಡಬ್ಬಿ ತೆರೆದು ಮೊದಲು ಅವಳಿಗೆ ಒಂದು ಕರದಂಟು ಕೊಟ್ಟರು. ಅವಳಿಗೆ ಅದನ್ನು ಕಡಿಯುವ ಹಲ್ಲಿರಲಿಲ್ಲ. ದವಡೆಯಲ್ಲಿಟ್ಟುಕೊಂಡು ಚಪ್ಪರಿಸುತ್ತ, ಇಷ್ಟು ಹೊತ್ತೂ ಕಂಕುಳಲ್ಲೇ ಇದ್ದ ರೊಟ್ಟಿಯನ್ನು ತೆಗೆದು ಮುರಿದು ಅರ್ಧವನ್ನು ಕಾಕಾನ ಮುಂದೆ ಹಿಡಿದಳು.

ನಾನು ಬೇರೆ ಕಡೆ ನೋಡಿದೆ.

ಹುಕ್ಕೇರಿ

ಊರಿಗೆ ಬಂದ ಮೇಲೆ ಸ್ವಾಮಿಗಳು ಲಿಂಗವನ್ನು ನೋಡಿ, ಕಂತಿ ಸರಿಮಾಡಿಸಿ, ಮತ್ತೆ ಧರಿಸಿರೆಂದು ಕೊಟ್ಟರು. ನಾನು ನನ್ನ ತರಗತಿಯಲ್ಲಿ ಏನು ಬರೆದರೂ ಪಕ್ಕದಲ್ಲಿ ಒಂದು ಅಂಗೈ ಬರೆಯುವುದನ್ನು ರೂಢಿ ಮಾಡಿಕೊಂಡೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಅಂಗೈ ಮಾಸ್ತರ ಎನ್ನುತ್ತಾರೆಂದು ಕೇಳಿದ್ದೇನೆ. ಛಡಿಯನ್ನು ಕಪಾಟಿನ ಮೇಲಿಟ್ಟವನು ಆಮೇಲೆ ಇಳಿಸಲಿಲ್ಲ.

ಕಾಕಾನ ತಂಗಿಯನ್ನು ಕೊಟ್ಟದ್ದು ಹುಕ್ಕೇರಿಗೆ. ಒಮ್ಮೆ ಸಂತೆಯ ದಿನ ಅವಳ ಮನೆಗೆ ಹೋಗಿದ್ದೆವು. ವಿಲಾಯತಿಯಿಂದ ಬಂದವರನ್ನು ನೋಡಲು ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ನಾನು ಪ್ಯಾರಿಸಿನ ಚಿತ್ರಕಾರರ ಗುಡ್ಡದ ಬಗ್ಗೆ ವಿವರಿಸಲು ಶುರು ಮಾಡಿದೆ. ಯಾರೂ ಕೇಳಲಿಲ್ಲ.

“ಅಣ್ಣಾ, ಅಷ್ಟ ದಿನ ಏನ ತಿಂದ್ಯೊ?” ಎಂದು ಅತ್ತೆ ಕೇಳಿದಳು.

“ಟ್ರಂಕಿನ್ಯಾಗಿನ ರೊಟ್ಟಿ.”

“ಅವರದ ಏನೂ ತಿನ್ನಲಿಲ್ಲಾ?”

ಕಾಕಾ ನನ್ನ ಕಡೆ ಒಮ್ಮೆ ನೋಡಿದರು.

“ಒಂದ ಸಲ ತಿಂದೆ. ಒಬ್ಬ ಮುದಕಿ ಕಂಕಳಾಗಿಂದ ತಗದು ಕೊಟ್ಟಳು.”

ಪಡಸಾಲೆಯ ತುಂಬ ಸೆರಗು ಮೂಗಿಗೆ ಹೋಯಿತು. “ಯಪ್ಪಾ, ಕಂಕಳಾಗಿಂದು! ಹೆಂಗಿತ್ತೊ?”

ಕಾಕಾ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರು. ಅರಳೆಯನ್ನು ಬೆರಳಲ್ಲಿ ಎಳೆದು ನೋಡಿ ದರ ಹೇಳುವಾಗ ಹಾಗೆ ಮಾಡುತ್ತಾರೆ.

“ಬೆಚ್ಚಗಿತ್ತವಾ,” ಅಂದರು.